ನಳಿಗೆ ಬದಲಾದರೆ ಬಂದೂಕೂ ಬದಲಾಗುತ್ತಾ?

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಪ್ರತಿ ವರ್ಷ ನವೆಂಬರ್ 15ಕ್ಕೆ ಬಂದೂಕಿನಿಂದ ಜಿಂಕೆ ಬೇಟೆಯಾಡುವ ಸೀಸನ್ ಶುರುವಾಗುತ್ತೆ. ಅದಕ್ಕೂ ಮುಂಚೆ ಅಲ್ಲಿನ ಎಷ್ಟೋ ಬೇಟೆಗಾರರು ತಮ್ಮ ಎಆರ್-15 ರೈಫಲ್ಲಿನ ಮೇಲರ್ಧ ಕಳಚಿ, ಬೇರೆ ನಳಿಗೆ ಇರುವ ಇನ್ನೊಂದು ಮೇಲರ್ಧ ಕೂರಿಸುತ್ತಾರೆ. ಅಲ್ಲಿಗೆ ಅದೇ ರೈಫಲ್ ಬೇರೆ ತೋಟಾ ಹಾರಿಸುತ್ತೆ. ಹೊಸ ಬಂದೂಕು ಕೊಂಡಿಲ್ಲ, ಹೊಸ ಲೈಸೆನ್ಸ್ ಇಲ್ಲ, ಹಿನ್ನೆಲೆ ತಪಾಸಣೆಯೂ ಇಲ್ಲ. ನಳಿಗೆ ಕೊರಿಯರ್‌ನಲ್ಲಿ ಮನೆಗೇ ಬಂದಿರುತ್ತೆ.

ಈ ಸಣ್ಣ ಬದಲಾವಣೆಯ ಸುತ್ತ 2025ರಲ್ಲಿ ಎರಡು ರಾಜ್ಯಗಳು ವಿರುದ್ಧ ದಿಕ್ಕಿನಲ್ಲಿ ಹೆಜ್ಜೆ ಇಟ್ಟವು. ಅರ್ಧ ರಾಜ್ಯದಲ್ಲಿ ಜಿಂಕೆ ಬೇಟೆಗೆ ರೈಫಲ್ ಬೇಡ, ಶಾಟ್‌ಗನ್ ಸಾಕು ಎಂದು ಬಹುಕಾಲದಿಂದ ಇದ್ದ ನಿಯಮವನ್ನು ಮಿನ್ನೆಸೋಟಾ ತೆಗೆದುಹಾಕಿತು. ಬೇಕಿದ್ದರೆ ಕೌಂಟಿಗಳು ತಮ್ಮ ಮಟ್ಟದಲ್ಲಿ ಇಟ್ಟುಕೊಳ್ಳಲಿ ಎಂದಿತು. ಇತ್ತ ಕ್ಯಾಲಿಫೋರ್ನಿಯಾ, 2027ರ ಜುಲೈಯಿಂದ ಬಿಡಿ ನಳಿಗೆಯನ್ನೂ ಲೈಸೆನ್ಸ್ ಇರುವ ಡೀಲರ್ ಬಳಿ ಖುದ್ದಾಗಿ ಹೋಗಿಯೇ ಕೊಳ್ಳಬೇಕು ಎಂದು ಕಾನೂನು ಮಾಡಿತು. ಒಬ್ಬರು ಬಿಗಿ ಸಡಿಲಿಸಿದರು, ಇನ್ನೊಬ್ಬರು ಬಿಗಿ ಮಾಡಿದರು. ಎರಡರ ಅಡಿಯಲ್ಲೂ ಇರುವ ಪ್ರಶ್ನೆ ಮಾತ್ರ ಒಂದೇ: ಬಂದೂಕಿನಲ್ಲಿ ಸರ್ಕಾರ ನಿಯಂತ್ರಿಸಬೇಕಾದದ್ದು ಯಾವುದನ್ನು?

ನಾನು ಮೆಕ್ಯಾನಿಕಲ್ ಓದಿದವನು, ಬೇಟೆ ಆಡಿದವನಲ್ಲ. ಆದರೆ ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಮೊದಲು ಯಂತ್ರ ಅರ್ಥವಾಗಬೇಕು ಅನ್ನೋದು ನನ್ನ ನಂಬಿಕೆ.

ಎಆರ್-15 ಸಾಮಾನ್ಯವಾಗಿ ಹಾರಿಸುವುದು .223 ತೋಟಾ. ಅದರ ಗುಂಡಿನ ವ್ಯಾಸ .224 ಇಂಚು, ಸಾಮಾನ್ಯ ತೂಕ ಸುಮಾರು ಮೂರೂವರೆ ಗ್ರಾಂ. ಗುರಿ ಅಭ್ಯಾಸಕ್ಕೆ, ನರಿಯಂಥ ಸಣ್ಣ ಪ್ರಾಣಿಗೆ ಅದು ಸರಿ. ದೊಡ್ಡ ಜಿಂಕೆಗೆ ಅದು ಕಮ್ಮಿ ಅನ್ನುವವರು ಬೇಟೆಗಾರರಲ್ಲೇ ಬಹಳ ಮಂದಿ. ಗುಂಡು ಸ್ವಲ್ಪ ಆಚೀಚೆ ಬಿದ್ದರೂ ಪ್ರಾಣಿ ಸಾಯುವುದಿಲ್ಲ, ಗಾಯಗೊಂಡು ಓಡುತ್ತೆ, ಎಲ್ಲೋ ಪೊದೆಯಲ್ಲಿ ನರಳಿ ಸಾಯುತ್ತೆ. ಹಾಗಾಗಿಯೇ ಕೊಲರಾಡೊ ರಾಜ್ಯ ಜಿಂಕೆ ಬೇಟೆಗೆ ಕನಿಷ್ಠ .24 ಕ್ಯಾಲಿಬರ್ ಇರಲೇಬೇಕು ಅನ್ನುತ್ತೆ. ಎಆರ್-15 ಆ ಗೆರೆಗಿಂತ ಕೂದಲೆಳೆಯಷ್ಟು ಕೆಳಗೆ ನಿಲ್ಲುತ್ತೆ.

ಅಂದರೆ ನಳಿಗೆ ಬದಲಿಸುವವರಲ್ಲಿ ಬಹುಪಾಲು ಜನರ ಉದ್ದೇಶ ಕೆಟ್ಟದ್ದೇನಲ್ಲ. ಒಂದೇ ಈಡಿಗೆ ಪ್ರಾಣಿ ಬೀಳಲಿ ಅನ್ನೋದು. ಇದನ್ನು ಮೊದಲೇ ಒಪ್ಪಿಕೊಂಡು ಮುಂದೆ ಹೋಗೋಣ.

ಈಗ ಮಿಷಿಗನ್‌ಗೆ ವಾಪಸ್ ಬನ್ನಿ. ಆ ರಾಜ್ಯದ ದಕ್ಷಿಣ ಭಾಗ ಸಮತಟ್ಟಾದ ಹೊಲಗಳು, ಮಧ್ಯೆ ಮನೆಗಳು. ಮಾಮೂಲಿ ಬೇಟೆ ರೈಫಲ್ಲಿನ ಗುಂಡು ಗುರಿ ತಪ್ಪಿದರೆ ಬಹುದೂರ ಹೋಗುತ್ತೆ, ತಡೆಯಲು ಗುಡ್ಡವಿಲ್ಲ. ಅದಕ್ಕೇ ಅಲ್ಲಿ ಬಹುಕಾಲ ರೈಫಲ್‌ಗೆ ಅವಕಾಶ ಇರಲಿಲ್ಲ. ಶಾಟ್‌ಗನ್ನಿನಲ್ಲಿ ಒಂಟಿ ದಪ್ಪ ಗುಂಡು ಹಾಕಿ ಹೊಡೆಯುತ್ತಿದ್ದರು. ಅದರ ಒದೆತ ಹೆಗಲು ಮುರಿಯುವಂಥದ್ದು, ಗುರಿಯೂ ಅಷ್ಟಕ್ಕಷ್ಟೆ. 2014ರಲ್ಲಿ ಮಿಷಿಗನ್ ಒಂದು ನಡುದಾರಿ ಹುಡುಕಿತು. ತೋಟಾದ ಕವಚ ನೇರ ಕೊಳವೆಯಂತಿರಬೇಕು, ಬಾಟಲಿಯ ಕತ್ತಿನಂತೆ ಕಿರಿದಾಗಿರಬಾರದು. ಕ್ಯಾಲಿಬರ್ .35 ಅಥವಾ ಅದಕ್ಕಿಂತ ದೊಡ್ಡದು. ಕವಚದ ಉದ್ದ 1.16 ಇಂಚಿನಿಂದ 1.80 ಇಂಚು. ಅದೇ ವರ್ಷ ಒಹಾಯೋ ಕೂಡ ನೇರ ಕವಚದ ತೋಟಾಗಳಿಗೆ ಒಪ್ಪಿತು. ಇಂಥ ದಪ್ಪ ಗುಂಡು ಬೇಗ ವೇಗ ಕಳೆದುಕೊಂಡು ನೆಲ ಕಚ್ಚುತ್ತೆ ಅನ್ನೋದು ಇದರ ಹಿಂದಿನ ತರ್ಕ. ತರ್ಕ ಸರಿಯೇ.

ಆದರೆ ಕಂಪನಿಗಳು ನಿಯಮ ಓದಿದ್ದು ಬೇರೆ ಕಣ್ಣಿನಿಂದ. 2019ರಲ್ಲಿ ವಿಂಚೆಸ್ಟರ್ ಕಂಪನಿ .350 ಲೆಜೆಂಡ್ ಎಂಬ ತೋಟಾ ಬಿಡುಗಡೆ ಮಾಡಿತು. ನೇರ ಕವಚ, ಉದ್ದ 1.71 ಇಂಚು. ಅದರ ತಳದ ಅಂಚಿನ ಅಳತೆ .223ರದ್ದೇ, ಹಾಗಾಗಿ ಎಆರ್-15ರ ಬೋಲ್ಟ್ ಬದಲಿಸಬೇಕಿಲ್ಲ. ನಿಯಮದ ಕಾಲಂ ಪಕ್ಕದಲ್ಲಿಟ್ಟುಕೊಂಡೇ ಡ್ರಾಯಿಂಗ್ ಮಾಡಿದಂತಿದೆ. 2007ರಲ್ಲೇ ಬಂದಿದ್ದ .450 ಬುಷ್‌ಮಾಸ್ಟರ್‌ಗೂ ಈ ನಿಯಮಗಳಿಂದ ಹೊಸ ಮಾರುಕಟ್ಟೆ ಸಿಕ್ಕಿತು. ಅದರ ಗುಂಡು ಸುಮಾರು 16 ಗ್ರಾಂ, .223ರದ್ದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ತೂಕ. ಆ ಹೊಲಗಳ ಮಧ್ಯೆ ಅರೆ ಸ್ವಯಂಚಾಲಿತ ರೈಫಲ್ ಬರಬೇಕೇ ಬೇಡವೇ ಅನ್ನುವ ಚರ್ಚೆ ಹೀಗೆ ತೋಟಾದ ಉದ್ದಗಲದ ಚರ್ಚೆಯಾಗಿ ಮುಗಿದುಹೋಯಿತು.

ಇದೇ ಪ್ರಶ್ನೆಯನ್ನು ನೇರವಾಗಿ ಕೇಳಿದ ರಾಜ್ಯವೂ ಉಂಟು. ಪೆನ್ಸಿಲ್ವೇನಿಯಾ 2017ರಲ್ಲಿ ಅರೆ ಸ್ವಯಂಚಾಲಿತ ರೈಫಲ್ಲುಗಳನ್ನು ಸಣ್ಣ ಪ್ರಾಣಿಗಳ ಬೇಟೆಗೆ ಒಪ್ಪಿ, ಜಿಂಕೆಯಂಥ ದೊಡ್ಡ ಪ್ರಾಣಿಗೆ ಬೇಡ ಎಂದಿತು. ಅಲ್ಲಿ ನೀವು ಯಾವ ನಳಿಗೆ ಹಾಕಿದರೂ ಉತ್ತರ ಒಂದೇ.

ಇನ್ನು ಕಾನೂನಿನ ಕಣ್ಣಲ್ಲಿ ಬಂದೂಕು ಅಂದರೆ ಯಾವುದು? ಅಮೆರಿಕದ 1968ರ ಗನ್ ಕಂಟ್ರೋಲ್ ಆ್ಯಕ್ಟ್ ಪ್ರಕಾರ ಚೌಕಟ್ಟು, ಅಂದರೆ ರಿಸೀವರ್, ಅದೊಂದೇ ಇದ್ದರೂ ಬಂದೂಕು. ಎಆರ್-15ರಲ್ಲಿ ಸೀರಿಯಲ್ ನಂಬರ್ ಇರುವುದು ಟ್ರಿಗರ್ ಕೂರುವ ಕೆಳಗಿನ ಭಾಗದ ಮೇಲೆ. ಉಳಿದದ್ದೆಲ್ಲ ಬಿಡಿಭಾಗ. ಎಂಜಿನಿಯರ್ ಆಗಿ ನನಗಿದು ತಮಾಷೆ ಅನ್ಸುತ್ತೆ. ಗುಂಡು ಹಾರುವಾಗ ಚದರ ಇಂಚಿಗೆ 55,000 ಪೌಂಡ್‌ವರೆಗಿನ ಒತ್ತಡ ತಡೆಯುವುದು ನಳಿಗೆ ಮತ್ತು ಬೋಲ್ಟ್. ನಿಮ್ಮ ಕಾರಿನ ಟೈರಿನಲ್ಲಿರುವುದು ಮೂವತ್ತರ ಆಸುಪಾಸು. ಸೀರಿಯಲ್ ನಂಬರ್ ಹೊತ್ತ ಭಾಗಕ್ಕೆ ಆ ಬಿಸಿ ತಟ್ಟುವುದೇ ಇಲ್ಲ, ಪ್ಲಾಸ್ಟಿಕ್ಕಿನಲ್ಲೂ ಮಾಡಬಹುದು. 3ಡಿ ಪ್ರಿಂಟರ್ ಬಂದ ಮೇಲೆ ಸಮಸ್ಯೆ ಶುರುವಾದದ್ದೇ ಅಲ್ಲಿಂದ. ಚೌಕಟ್ಟು ಮನೆಯಲ್ಲಿ ಮುದ್ರಿಸಬಹುದು, ಒಳ್ಳೆಯ ನಳಿಗೆಗೆ ಉಕ್ಕೇ ಬೇಕು. ಕ್ಯಾಲಿಫೋರ್ನಿಯಾ ನಳಿಗೆಯತ್ತ ತಿರುಗಿದ್ದಕ್ಕೆ ಅರ್ಥವಿದೆ.

ಜರ್ಮನಿ ಇದನ್ನು ಮೊದಲಿಂದಲೂ ಬೇರೆ ಥರ ನೋಡಿದೆ. ಅಲ್ಲಿ ನಳಿಗೆ ಬಂದೂಕಿನ ಅತ್ಯಗತ್ಯ ಭಾಗ, ಬಂದೂಕಿನಷ್ಟೇ ನಿಯಂತ್ರಿತ. ಬೇಟೆ ಕಾನೂನು ತೋಟಾದ ಆಕಾರದ ತಂಟೆಗೇ ಹೋಗುವುದಿಲ್ಲ. ರೋ ಜಿಂಕೆಗೆ 100 ಮೀಟರ್ ದೂರದಲ್ಲಿ ಗುಂಡಿನ ಶಕ್ತಿ ಕನಿಷ್ಠ 1,000 ಜೌಲ್ ಇರಬೇಕು. ಕೆಂಪು ಜಿಂಕೆ, ಕಾಡುಹಂದಿಯಂಥ ದೊಡ್ಡ ಪ್ರಾಣಿಗೆ 6.5 ಮಿಲಿಮೀಟರ್ ಕ್ಯಾಲಿಬರ್ ಮತ್ತು 2,000 ಜೌಲ್. ಅರೆ ಸ್ವಯಂಚಾಲಿತವಾದರೆ ಬೇಟೆಯಲ್ಲಿ ಒಟ್ಟು ಮೂರೇ ಗುಂಡು. ಪ್ರಾಣಿ ನರಳಬಾರದು ಅನ್ನುವುದಕ್ಕೆ ಒಂದು ಅಳತೆ, ಬೇಟೆಗಾರ ಗುಂಡಿನ ಮಳೆ ಸುರಿಸಬಾರದು ಅನ್ನುವುದಕ್ಕೆ ಇನ್ನೊಂದು. ಎರಡನ್ನೂ ಕಲಸಿಲ್ಲ.

ನಳಿಗೆಯನ್ನು ಬರೀ ಬಿಡಿಭಾಗ ಎಂದು ನೋಡುವುದರಲ್ಲಿ ಇನ್ನೊಂದು ಅಪಾಯ ಇದೆ. ಕೈ ಕಳೆದುಕೊಳ್ಳುವ ಅಪಾಯ. .300 ಬ್ಲ್ಯಾಕೌಟ್ ಎಂಬ ಜನಪ್ರಿಯ ತೋಟಾವನ್ನು .223ರ ಕವಚ ಮೋಟು ಮಾಡಿ ರೂಪಿಸಿದ್ದು. ಅದೇ ಮ್ಯಾಗಜೀನ್, ಅದೇ ಬೋಲ್ಟ್, ನಳಿಗೆ ಮಾತ್ರ ಬೇರೆ. ಅದೇ ಅದರ ಹೆಗ್ಗಳಿಕೆ, ಅದೇ ಅದರ ಶಾಪ. ಎರಡೂ ನಳಿಗೆ ಇರುವ ಮನೆಯಲ್ಲಿ ಮ್ಯಾಗಜೀನ್ ಅದಲುಬದಲಾದರೆ, .308 ಇಂಚಿನ ಗುಂಡು .224 ಇಂಚಿನ ತೂತಿಗೆ ನುಗ್ಗಲು ನೋಡುತ್ತೆ. ಒತ್ತಡಕ್ಕೆ ಹೋಗಲು ದಾರಿಯಿಲ್ಲ, ರೈಫಲ್ ಮುಖದ ಮುಂದೆಯೇ ಸಿಡಿಯುತ್ತೆ. ಇಂಥ ಅಪಘಾತಗಳು ನಡೆದಿವೆ. ಕವಚದ ಉದ್ದ ಅಳೆಯುವ ಸರ್ಕಾರಿ ನಿಯಮಗಳಿಗೆ ಇದು ಕಾಣಿಸುವುದೇ ಇಲ್ಲ.

ಇದೆಲ್ಲ ಅಮೆರಿಕದ ಹುಚ್ಚು, ನಮಗೇನು ಅಂತ ನೀವು ಕೇಳಬಹುದು. ಆದರೆ ನಂಬರ್ ನೋಡಿ ಕಾನೂನು ಮಾಡುವ ಆಟದಲ್ಲಿ ನಮ್ಮ ದೇಶವೇ ಹಳೆಯ ಆಟಗಾರ. 1907ರಲ್ಲಿ ಬ್ರಿಟಿಷ್ ಸರ್ಕಾರ ಭಾರತದಲ್ಲಿ .450 ಕ್ಯಾಲಿಬರ್ ನಿಷೇಧಿಸಿತು. ಸೈನ್ಯದ ಹಳೇ ಮಾರ್ಟಿನಿ-ಹೆನ್ರಿ ರೈಫಲ್‌ಗಳಿಗೆ ತೋಟಾ ಸಿಗಬಾರದು ಅನ್ನೋದು ಉದ್ದೇಶ. ಇಂಗ್ಲೆಂಡಿನ ಬಂದೂಕು ಕಂಪನಿಗಳು ಏನು ಮಾಡಿದವು? .465, .470, .475 ಅಂತ ಹೊಸ ಅಳತೆಗಳನ್ನು ತಂದವು. ಆನೆ, ಹುಲಿ ಹೊಡೆಯುವ ಸಾಹೇಬರ ಬೇಟೆ ನಿಲ್ಲಲಿಲ್ಲ.

ಆಮೇಲೆ .303ರ ಕಥೆ. ಅದು ಸೈನ್ಯದ ತೋಟಾ, ಜನರ ಕೈಗೆ ಕೊಡುವಂತಿಲ್ಲ. ಹಾಗಾಗಿ ನಾಗರಿಕರಿಗೆಂದು ಇಶಾಪುರದ ಸರ್ಕಾರಿ ಕಾರ್ಖಾನೆ ಅದೇ ಲೀ-ಎನ್‌ಫೀಲ್ಡ್ ಮಾದರಿಯ ರೈಫಲ್ಲನ್ನು .315 ತೋಟಾಕ್ಕೆ ಮಾಡಿ ಮಾರಿತು. ಯಂತ್ರ ಅದೇ, ನಳಿಗೆ ಬೇರೆ! ಮಿಷಿಗನ್ನಿನ ಗ್ಯಾರೇಜಿನಲ್ಲಿ ನಡೆಯುವ ಕೆಲಸವನ್ನು ನಮ್ಮಲ್ಲಿ ಸರ್ಕಾರವೇ ಮಾಡಿತು ಅನ್ನಿ. ಇವತ್ತು ಉತ್ತರ ಭಾರತದ ಪೊಲೀಸರು ಹಿಡಿಯುವ ದೇಸಿ ಕಟ್ಟಾಗಳ ಸುದ್ದಿ ಓದಿ, '.315 ಬೋರ್' ಅನ್ನೋ ಪದ ಮತ್ತೆ ಮತ್ತೆ ಕಾಣುತ್ತೆ. ಯಾವ ತೋಟಾ ಸುಲಭವಾಗಿ ಸಿಗುತ್ತೋ ಆ ಅಳತೆಗೇ ಕಳ್ಳ ಕಮ್ಮಾರ ಪೈಪು ಕೊರೆಯುತ್ತಾನೆ.

ಒಂದು ವಿಷಯದಲ್ಲಿ ಮಾತ್ರ ನಮ್ಮ ಕಾನೂನು ಅಮೆರಿಕಕ್ಕಿಂತ ಸ್ಪಷ್ಟ. 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಖ್ಯೆಯಲ್ಲೇ ಶಸ್ತ್ರದ ಬಿಡಿಭಾಗಗಳೂ ಶಸ್ತ್ರ. 2019ರ ತಿದ್ದುಪಡಿ ಒಂದು ವರ್ಗದ ಬಂದೂಕನ್ನು ಲೈಸೆನ್ಸ್ ಇಲ್ಲದೆ ಇನ್ನೊಂದು ವರ್ಗಕ್ಕೆ ಬದಲಿಸುವುದನ್ನೂ ನಿಷೇಧದ ಪಟ್ಟಿಗೆ ಸೇರಿಸಿತು. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ 2029ರವರೆಗೆ ವಿಸ್ತರಿಸಿದೆ. ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಕೈಲ್‌ಪೋದಿನ ದಿನ ಪೂಜೆಗೆ ಇಡುವ ಕೋವಿಗೆ ಅಲ್ಲಿ ಮನೆತನದ ಗೌರವ ಇದೆ. ಆದರೆ ಆ ಕೋವಿ ಹಿಡಿದು ಕಡವೆ ಹೊಡೆಯಲು ಹೋದರೆ 1972ರ ವನ್ಯಜೀವಿ ಕಾಯ್ದೆ ಅಡ್ಡ ನಿಲ್ಲುತ್ತೆ. ಕೋವಿ ಇಟ್ಟುಕೊಳ್ಳುವ ಹಕ್ಕು ಬೇರೆ, ಬೇಟೆಯಾಡುವ ಹಕ್ಕು ಬೇರೆ ಅಂತ ನಮ್ಮಲ್ಲಿ ಎರಡು ಕಾಯ್ದೆಗಳಿವೆ. ಅಮೆರಿಕದಲ್ಲಿ ಇವೆರಡರ ವಾದವೂ ಒಂದರೊಳಗೊಂದು ಸೇರಿಕೊಂಡು, ಬೇಟೆಗಾರನ ಹೆಸರಲ್ಲಿ ಎಲ್ಲ ಬಿಡಿಭಾಗಗಳೂ ಮುಕ್ತವಾಗಿ ಮಾರಾಟವಾಗುತ್ತವೆ.

ನನ್ನ ಅಭಿಪ್ರಾಯ ಹೇಳಿಬಿಡ್ತೀನಿ. ಬೇಟೆಗೆ ಅವಕಾಶ ಇರುವ ದೇಶದಲ್ಲಿ ನಳಿಗೆ ಬದಲಿಸುವುದನ್ನು ಅಪರಾಧದಂತೆ ನೋಡಬಾರದು. ಕಮ್ಮಿ ಶಕ್ತಿಯ ಗುಂಡಿನಿಂದ ಜಿಂಕೆ ನರಳುವುದಕ್ಕಿಂತ ಅದು ಮೇಲು. ಹಾಗಂತ ಅದನ್ನು ಮೊಬೈಲ್ ಕವರ್ ಥರ ಮಾರುವುದೂ ಸರಿಯಲ್ಲ. ಡೀಲರ್ ಮೂಲಕ ಕೊಳ್ಳಲಿ, ದಾಖಲೆಯಾಗಲಿ, ತಿಳಿದ ಗನ್‌ಸ್ಮಿತ್ ಒಮ್ಮೆ ಅಳೆದು ನೋಡಲಿ. ನಿಜವಾದ ಬೇಟೆಗಾರನಿಗೆ ಇದರಿಂದ ಹೋಗುವುದು ಒಂದು ಮಧ್ಯಾಹ್ನ. ಬೇಟೆ ನಿಯಮಗಳು ಕವಚದ ಆಕಾರ ಬಿಟ್ಟು ಗುಂಡಿನ ಶಕ್ತಿ, ಅದು ಹೋಗುವ ದೂರ, ಮ್ಯಾಗಜೀನಿನಲ್ಲಿರುವ ಸಂಖ್ಯೆ ಈ ಮೂರರ ಮಾತಾಡಲಿ.

ಇದಕ್ಕೆ ಬರುವ ಆಕ್ಷೇಪ ನನಗೆ ಗೊತ್ತು. ಕೆಟ್ಟ ಉದ್ದೇಶದವನು ಯಾವ ದಾಖಲೆಗೂ ಕಾಯುವುದಿಲ್ಲ, ಕಾಟ ಎಲ್ಲ ನಿಯತ್ತಿನವನಿಗೆ ಅಂತಾರೆ. ಅದರಲ್ಲಿ ನಿಜ ಇಲ್ಲದಿಲ್ಲ, ನಮ್ಮ ಕಟ್ಟಾಗಳೇ ಸಾಕ್ಷಿ. ಆದರೆ ಮನೆಯಲ್ಲಿ ಕೊರೆದ ಪೈಪು ಒಂದೊಂದೇ ಗುಂಡು ಹಾರಿಸುತ್ತೆ, ಎಷ್ಟೋ ಸಲ ಹಾರಿಸಿದವನ ಕೈಯನ್ನೇ ಸುಡುತ್ತೆ. ಕಾರ್ಖಾನೆಯ ನಳಿಗೆ ಹಾಗಲ್ಲ. ಅದು ಯಾರ ಕೈ ಸೇರುತ್ತೆ ಅಂತ ಒಂದು ರಿಜಿಸ್ಟರ್‌ನಲ್ಲಿ ಬರೆದಿಡಿ ಅಂದರೆ ಅದು ದೊಡ್ಡ ಬೇಡಿಕೆಯೇನಲ್ಲ.