ಪ್ರೌಢಶಾಲೆಗಳಲ್ಲಿ ಚರಿತ್ರೆಯ ಬೋಧನೆ

ನಮ್ಮ ರಾಜ್ಯದ ಶಾಲಾ ಪಠ್ಯಪುಸ್ತಕಗಳು ಆರು ವರ್ಷಗಳ ಅವಧಿಯಲ್ಲಿ ಮೂರು ಬಾರಿ ರೂಪಾಂತರ ಹೊಂದಿದವು. ಬರಗೂರು ರಾಮಚಂದ್ರಪ್ಪನವರ ನೇತೃತ್ವದಲ್ಲಿ ಸಿದ್ಧವಾದ ಪುಸ್ತಕಗಳು 2017ರಲ್ಲಿ ಬಂದವು. 2022ರಲ್ಲಿ ರೋಹಿತ್ ಚಕ್ರತೀರ್ಥರ ಸಮಿತಿಯು ಅವುಗಳನ್ನು ಪರಿಷ್ಕರಿಸಿತು. ಸರ್ಕಾರ ಬದಲಾದ ಮೇಲೆ, 2023ರ ಜೂನ್ ತಿಂಗಳಲ್ಲಿ, ಸಚಿವ ಸಂಪುಟವು ಆ ಪರಿಷ್ಕರಣದ ಹಲವು ಭಾಗಗಳನ್ನು ಕೈಬಿಡಲು ನಿರ್ಣಯಿಸಿತು. 2021ರಲ್ಲಿ ಎಂಟನೆಯ ತರಗತಿಗೆ ಕಾಲಿಟ್ಟ ಬಾಲಕನು 2024ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತುಕೊಳ್ಳುವಷ್ಟರಲ್ಲಿ, ಒಂದೊಂದು ವರ್ಷವೂ ಒಂದೊಂದು ಮನೋಧರ್ಮದ ಪುಸ್ತಕಗಳನ್ನು ಓದಬೇಕಾಯಿತು. ದೆಹಲಿಯ ಸ್ಥಿತಿಯೂ ಇದಕ್ಕಿಂತ ಮೇಲಾಗಿರಲಿಲ್ಲ. ಎನ್.ಸಿ.ಇ.ಆರ್.ಟಿ.ಯ ಹನ್ನೆರಡನೆಯ ತರಗತಿಯ ಚರಿತ್ರೆಯಿಂದ ಮೊಗಲರ ಆಸ್ಥಾನವನ್ನು ಕುರಿತ ಅಧ್ಯಾಯವು 2023ರಲ್ಲಿ ಮಾಯವಾಯಿತು.

ಈ ಕೋಲಾಹಲದಲ್ಲಿ ಎರಡು ಪಕ್ಷದವರೂ ವಾದಿಸಿದ್ದು ಯಾವ ಪಾಠವಿರಬೇಕು, ಯಾವುದಿರಬಾರದು ಎಂಬ ಒಂದೇ ವಿಷಯವನ್ನು. ಎಂಟರಿಂದ ಹತ್ತನೆಯ ತರಗತಿಗೆ ಏರುವ ವಿದ್ಯಾರ್ಥಿಯು ಮೊದಲು ಮಾಡಲಾರದೆ ಇದ್ದ ಯಾವ ಕೆಲಸವನ್ನು ವರ್ಷವರ್ಷಕ್ಕೆ ಮಾಡಬಲ್ಲವನಾಗುತ್ತಾನೆ ಎಂದು ಯಾರೂ ಕೇಳಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಮುಖ್ಯವಾದ ಪ್ರಶ್ನೆ ಅದೇ.

ಈಗಿನ ಏರ್ಪಾಡನ್ನು ನೋಡೋಣ. ಎಂಟನೆಯ ತರಗತಿಗೆ ಪ್ರಾಚೀನ ಕಾಲ, ಒಂಬತ್ತನೆಯದಕ್ಕೆ ಮಧ್ಯಯುಗ, ಹತ್ತನೆಯದಕ್ಕೆ ಯುರೋಪಿಯನ್ನರ ಆಗಮನದಿಂದ ಸ್ವಾತಂತ್ರ್ಯದ ವರೆಗಿನ ಕಥೆ. ಭಾರತದ ಚರಿತ್ರೆಯನ್ನು ಮೂರಾಗಿ ಸೀಳಿ ಹಿಂದೂ, ಮುಸಲ್ಮಾನ, ಬ್ರಿಟಿಷ್ ಎಂದು ಹೆಸರಿಟ್ಟವನು 1817ರಲ್ಲಿ ಗ್ರಂಥ ಪ್ರಕಟಿಸಿದ ಜೇಮ್ಸ್ ಮಿಲ್. ಹೆಸರುಗಳನ್ನು ಬದಲಿಸಿದೆವು, ಸೀಳನ್ನು ಉಳಿಸಿಕೊಂಡೆವು. ಚರಿತ್ರೆಯ ಆಧಾರಗಳೆಂಬ ಪಾಠವು ಎಂಟನೆಯ ತರಗತಿಯ ಆರಂಭದಲ್ಲಿ ಒಮ್ಮೆ ಬರುತ್ತದೆ. ಶಾಸನ, ನಾಣ್ಯ, ಸಾಹಿತ್ಯ ಎಂದು ಪಟ್ಟಿಯನ್ನು ಬಾಯಿಪಾಠ ಮಾಡಿದ ಮೇಲೆ ಆ ಆಧಾರಗಳ ಕೆಲಸ ಮುಗಿಯಿತು. ಅನಂತರ ಮೂರು ವರ್ಷವೂ ಪುಸ್ತಕ ಹೇಳುತ್ತದೆ, ಹುಡುಗ ಒಪ್ಪುತ್ತಾನೆ. ಪುಸ್ತಕ ಬದಲಾದರೆ ಒಪ್ಪಿಗೆಯೂ ಬದಲಾಗುತ್ತದೆ.

ಮಕ್ಕಳಿಗೆ ಮೊದಲು ಸಂಗತಿಗಳು ತಿಳಿಯಬೇಕು, ವಿಮರ್ಶೆ ಕಾಲೇಜಿಗೆ ಇರಲಿ ಎಂದು ಹೇಳುವವರುಂಟು. ಮಾತಿನಲ್ಲಿ ಅರ್ಧ ಸತ್ಯವಿದೆ. ಕಾಲಾನುಕ್ರಮದ ಬೆನ್ನೆಲುಬಿಲ್ಲದೆ ಚರಿತ್ರೆ ನಿಲ್ಲದು. ಕದಂಬರು ಮೊದಲೋ ಹೊಯ್ಸಳರು ಮೊದಲೋ ತಿಳಿಯದವನಿಗೆ ಶಾಸನವು ಬರಿಯ ಕಲ್ಲು. ಆದರೆ ಹತ್ತನೆಯ ತರಗತಿಯಾದ ಮೇಲೆ ಅನೇಕರು ಚರಿತ್ರೆಯ ಪುಸ್ತಕವನ್ನು ಮತ್ತೆ ಮುಟ್ಟುವುದೇ ಇಲ್ಲ. ಇವರೇ ಮುಂದೆ ಮತದಾರರು, ಗುಮಾಸ್ತರು, ಪಂಚಾಯಿತಿ ಸದಸ್ಯರು. ಕಾಲೇಜಿಗೆಂದು ಮುಂದೂಡಿದ ವಿಮರ್ಶೆಯು ಇವರಿಗೆ ಎಂದಿಗೂ ದೊರೆಯದು.

ಸಂಗತಿಗಳ ಜೊತೆಗೇ ಸಂಗತಿಯನ್ನು ಪರೀಕ್ಷಿಸುವ ಶಕ್ತಿಯೂ ಮೆಟ್ಟಿಲುಮೆಟ್ಟಿಲಾಗಿ ಬೆಳೆಯುವಂತೆ ಪಾಠಕ್ರಮವನ್ನು ಹೆಣೆಯುವುದು ಅಸಾಧ್ಯವಲ್ಲ. ಎಂಟನೆಯ ತರಗತಿಯಲ್ಲಿ ಒಂದು ಆಧಾರವನ್ನು ಓದುವುದು ಸಾಕು. 1936ರಲ್ಲಿ ಡಾಕ್ಟರ್ ಎಂ. ಎಚ್. ಕೃಷ್ಣರು ಬೆಳಕಿಗೆ ತಂದ ಹಲ್ಮಿಡಿ ಶಾಸನದಲ್ಲಿ ತೇದಿಯೇ ಇಲ್ಲ. ಹಾಗಿದ್ದೂ ಅದನ್ನು ಐದನೆಯ ಶತಮಾನದ್ದೆಂದು ವಿದ್ವಾಂಸರು ಹೇಳಿದ್ದು ಹೇಗೆ? ಅಕ್ಷರಗಳ ಆಕಾರದಿಂದ, ಅದರಲ್ಲಿ ಬರುವ ಕಾಕುಸ್ಥನೆಂಬ ಅರಸನ ಹೆಸರಿನಿಂದ. ಇಷ್ಟನ್ನು ಹದಿಮೂರರ ಬಾಲಕನು ಸಂತೋಷದಿಂದ ಗ್ರಹಿಸಬಲ್ಲನು.

ಒಂಬತ್ತನೆಯದರಲ್ಲಿ ಒಂದೇ ಆಧಾರವನ್ನು ಎರಡು ಕಡೆಯಿಂದ ಪ್ರಶ್ನಿಸುವುದನ್ನು ಕಲಿಸಬೇಕು. ಶ್ರವಣಬೆಳಗೊಳದಲ್ಲಿರುವ ಬುಕ್ಕರಾಯನ 1368ರ ಶಾಸನವು ಪ್ರಸಿದ್ಧವಾದುದು. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಹುಟ್ಟಲು, ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಇದು ನಮ್ಮ ನಾಡಿನ ಸಾಮರಸ್ಯಕ್ಕೆ ಸಾಕ್ಷಿಯೆಂದು ಹೇಳುವುದು ವಾಡಿಕೆ, ಅದು ನಿಜವೂ ಹೌದು. ಆದರೆ ಜಗಳವಿಲ್ಲದಿದ್ದರೆ ಅರಸನ ಅಪ್ಪಣೆಯೇತಕ್ಕೆ? ಅದೇ ಕಲ್ಲು ಕಲಹಕ್ಕೂ ಸಾಕ್ಷಿ. ಒಂದು ಪಕ್ಷದವರು ಕಲ್ಲಿನ ಅರ್ಧವನ್ನು ಓದುತ್ತಾರೆ, ಇನ್ನೊಂದು ಪಕ್ಷದವರು ಉಳಿದ ಅರ್ಧವನ್ನು. ಪೂರ್ತಿ ಓದುವ ಅಭ್ಯಾಸವನ್ನು ಶಾಲೆಯೇ ಮಾಡಿಸಬೇಕು.

ಹತ್ತನೆಯ ತರಗತಿಯಲ್ಲಿ ಪರಸ್ಪರ ವಿರುದ್ಧವಾದ ಆಧಾರಗಳನ್ನು ತೂಗಿನೋಡುವ ಸರದಿ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ನೆಯ ಏಪ್ರಿಲ್ 25ರಂದು ಧ್ವಜಸತ್ಯಾಗ್ರಹಕ್ಕಾಗಿ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮಡಿದವರ ಸಂಖ್ಯೆಯ ವಿಷಯದಲ್ಲಿ ಅಂದಿನ ಸರ್ಕಾರದ ಲೆಕ್ಕವೇ ಬೇರೆ, ಜನರು ಹೇಳಿಕೊಂಡು ಬಂದ 32ರ ಲೆಕ್ಕವೇ ಬೇರೆ. ಸರ್ಕಾರಕ್ಕೆ ಕಡಮೆ ಹೇಳಲು ಕಾರಣವಿತ್ತೇ? ನೊಂದ ಜನರ ನೆನಪು ಎಲ್ಲಿ ಗಟ್ಟಿ, ಎಲ್ಲಿ ಸಡಿಲು? ಈ ಪ್ರಶ್ನೆಗಳನ್ನು ಎದುರಿಸಿದ ಹುಡುಗನಿಗೆ ಹುತಾತ್ಮರ ಮೇಲಣ ಗೌರವ ಕುಂದುವುದಿಲ್ಲ. ಸಂಖ್ಯೆಯ ಹಿಂದೆ ಮನುಷ್ಯರಿದ್ದರೆಂಬುದು ಅವನಿಗೆ ಆಗಲೇ ಚೆನ್ನಾಗಿ ತಿಳಿಯುವುದು.

ಇದಕ್ಕೆ ಸಾಮಗ್ರಿಯ ಅಭಾವವಿಲ್ಲ. ಬಿ. ಎಲ್. ರೈಸರು 1886ರಲ್ಲಿ ಆರಂಭಿಸಿದ ಎಪಿಗ್ರಾಫಿಯ ಕರ್ನಾಟಕದ ಸಂಪುಟಗಳಲ್ಲಿ ಹಳೆಯ ಮೈಸೂರು ಮತ್ತು ಕೊಡಗಿನ ಸುಮಾರು 9,000 ಶಾಸನಗಳು ತಾಲ್ಲೂಕುವಾರಾಗಿ ಜೋಡಣೆಗೊಂಡಿವೆ. ಉತ್ತರದ ಜಿಲ್ಲೆಗಳ ಶಾಸನಗಳೂ ಬೇರೆ ಸಂಪುಟಗಳಲ್ಲಿ ಅಚ್ಚಾಗಿವೆ. ಪ್ರತಿ ತಾಲ್ಲೂಕಿಗೆ ಸುಲಭವಾದ ಹತ್ತು ಶಾಸನಗಳನ್ನು ಆರಿಸಿ, ಹೊಸಗನ್ನಡದಲ್ಲಿ ಅರ್ಥ ಬರೆದು, ಸಣ್ಣ ಹೊತ್ತಗೆಯನ್ನು ಶಾಲೆಗಳಿಗೆ ಕೊಡುವುದು ಇಲಾಖೆಗೆ ಹೊರೆಯಾಗದು. ಎಸ್.ಎಸ್.ಎಲ್.ಸಿ.ಯ ಸಮಾಜ ವಿಜ್ಞಾನದಲ್ಲಿ 80 ಅಂಕಗಳು ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಆ 20ರಲ್ಲಿ ಒಂದು ಪಾಲನ್ನು ಊರಿನ ಆಧಾರವೊಂದರ ಪರೀಕ್ಷೆಗೆ ಮೀಸಲಿಡಬೇಕು. ಪರೀಕ್ಷೆಯಲ್ಲಿ ಬಾರದುದನ್ನು ನಮ್ಮ ಶಾಲೆಗಳು ಕಲಿಸುವುದಿಲ್ಲವೆಂಬುದು ಎಲ್ಲರೂ ಬಲ್ಲ ಮಾತು.

ಉಪಾಧ್ಯಾಯರ ಕಷ್ಟವನ್ನು ನಾವು ಮರೆತಿಲ್ಲ. ಚರಿತ್ರೆ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಂಬ ಆರನ್ನೂ ಒಂದೇ ಪುಸ್ತಕದಲ್ಲಿ ಕಟ್ಟಿ ಒಬ್ಬರ ತಲೆಯ ಮೇಲೆ ಹೊರಿಸಿದ್ದೇವೆ. ಪಾಠಗಳ ಸಂಖ್ಯೆಯನ್ನು ಇಳಿಸದೆ ಹೊಸ ಕೆಲಸವನ್ನು ಸೇರಿಸಿದರೆ ಅದು ಕಾಗದದಲ್ಲಿಯೇ ಉಳಿಯುವುದು. ಹತ್ತು ರಾಜವಂಶಗಳ ವಿವರಕ್ಕಿಂತ ಆರು ವಂಶಗಳ ತಿಳಿವಳಿಕೆ ಲೇಸು.

ಇದರಿಂದ ದೇಶಾಭಿಮಾನಕ್ಕೆ ಊನವೆಂದು ಅಂಜುವವರಿಗೆ ಒಂದು ಮಾತು. ಆಲೂರು ವೆಂಕಟರಾಯರು 1917ರಲ್ಲಿ ಕರ್ನಾಟಕ ಗತವೈಭವವನ್ನು ಪ್ರಕಟಿಸಿದಾಗ ಹರಿದು ಹಂಚಿಹೋಗಿದ್ದ ನಾಡನ್ನು ಎಚ್ಚರಿಸಲು ಕಟ್ಟುಕಥೆಯನ್ನು ಹೊಸೆಯಲಿಲ್ಲ, ಚರಿತ್ರೆಯನ್ನೇ ಮುಂದಿಟ್ಟರು. ಆಧಾರದ ಮೇಲೆ ನಿಂತ ಅಭಿಮಾನವನ್ನು ಯಾವ ಸಮಿತಿಯೂ ಕದಲಿಸಲಾರದು. ಪಾಠದ ಮೇಲೆ ಮಾತ್ರ ನಿಂತುದನ್ನು ಮುಂದಿನ ಸರ್ಕಾರದ ಒಂದು ಆಜ್ಞೆ ಅಳಿಸಿಬಿಡುವುದು. ಪುಸ್ತಕಗಳನ್ನು ಇನ್ನೊಮ್ಮೆ ತಿದ್ದುವ ಮುನ್ನ ವಿದ್ಯಾ ಇಲಾಖೆಯವರು ವಿದ್ಯಾರ್ಥಿಗೆ ಆಧಾರಗಳನ್ನು ಓದುವ ಶಕ್ತಿಯನ್ನು ಕೊಡಲಿ. ಆಮೇಲೆ ಯಾರು ಏನನ್ನು ತಿದ್ದಿದರೂ ಓದುವವನು ಮೋಸಹೋಗನು.