ಪ್ರಶ್ನೆ ಕೇಳಿದ ತಾತಯ್ಯ

ಹಾಸನದ ಸೀಮೆಗೆ ರೈಲು ಇನ್ನೂ ಬಂದಿರದ 1881ನೆಯ ಇಸವಿಯ ಮಾತು. ಐವತ್ತು ವರ್ಷಗಳ ಕಮಿಷನರರ ಆಡಳಿತ ಮುಗಿದು, ಮೈಸೂರು ಸಂಸ್ಥಾನವು ಆ ವರ್ಷದ ಮಾರ್ಚಿಯಲ್ಲಿ ಅರಸರ ಕೈಗೆ ಮರಳಿತ್ತು. ದಿವಾನ್ ರಂಗಾಚಾರ್ಲು ಅವರು ದಸರೆಯ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ತಾಲ್ಲೂಕುಗಳಿಂದ ಜಮೀನುಳ್ಳ ರೈತರು, ಜಿಲ್ಲೆಗಳಿಂದ ಪ್ರಮುಖ ವರ್ತಕರು, ಒಟ್ಟು 144 ಮಂದಿ ಅಕ್ಟೋಬರ್ 7ರಂದು ಮೈಸೂರಿನಲ್ಲಿ ನೆರೆದರು. ಮಲ್ಲಿಪಟ್ಟಣದ ಕಡೆ ಕೆರೆಯೊಂದು ಒಡೆದರೆ, ಹೊಳೆನರಸೀಪುರದ ರಸ್ತೆ ಹಾಳಾದರೆ, ಆ ಸಂಗತಿಯನ್ನು ದಿವಾನರ ಎದುರಿಗೇ ಹೇಳಲು ಒಂದು ಸ್ಥಳವಾಯಿತು.

ಆದರೆ ಹೇಳುವುದಷ್ಟೇ ಸದಸ್ಯರ ಪಾಲಿನದು. ಶಾಸನ ಮಾಡುವ ಅಧಿಕಾರ ಸಭೆಗಿರಲಿಲ್ಲ. ಆಯವ್ಯಯವನ್ನು ತಡೆಯುವ ಹಕ್ಕೂ ಇರಲಿಲ್ಲ. ದಿವಾನರ ಭಾಷಣ ಕೇಳಿ, ಅಹವಾಲು ಹೇಳಿ, ಉತ್ತರ ಪಡೆದು ಹಿಂದಿರುಗಬೇಕು. ಇಂಥ ಸಭೆಯಿಂದ ಬಂದ ಪ್ರಯೋಜನವೇನು ಎಂದು ಕೇಳುವವರಿಗೆ ಎಂ. ವೆಂಕಟಕೃಷ್ಣಯ್ಯನವರ ಬಾಳೇ ಒಂದು ಉತ್ತರ.

1844ರಲ್ಲಿ ಜನಿಸಿದ ಇವರ ವೃತ್ತಿ ಉಪಾಧ್ಯಾಯರದು. ಮೈಸೂರಿನ ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರಾಗಿ ಅನೇಕ ತಲೆಮಾರುಗಳ ವಿದ್ಯಾರ್ಥಿಗಳನ್ನು ತಿದ್ದಿದರು. ದಿಕ್ಕಿಲ್ಲದ ಮಕ್ಕಳಿಗಾಗಿ ಅನಾಥಾಲಯ ಕಟ್ಟಿದರು. ಸ್ತ್ರೀಶಿಕ್ಷಣಕ್ಕೆ ಬೆಂಬಲವಾಗಿ ನಿಂತರು. ಜನರು ಇವರನ್ನು ಕರೆದ ಹೆಸರು ‘ತಾತಯ್ಯ’.

ಪ್ರಜಾಪ್ರತಿನಿಧಿ ಸಭೆಯ ಸದಸ್ಯರಾಗಿದ್ದ ತಾತಯ್ಯನವರಿಗೆ ಒಂದು ವಿಷಯ ಸ್ಪಷ್ಟವಾಗಿತ್ತು. ಸಭೆ ಸೇರುವುದು ದಸರೆಯ ಕೆಲವು ದಿನ ಮಾತ್ರ. ಉಳಿದ ದಿನಗಳಲ್ಲಿ ಜನರ ಮಾತನ್ನು ಆಡುವವರಾರು? 1885ರಲ್ಲಿ ಅವರು ‘ವೃತ್ತಾಂತ ಚಿಂತಾಮಣಿ’ ಎಂಬ ಪತ್ರಿಕೆಯನ್ನು ಆರಂಭಿಸಿದರು. ಮುಂದೆ ‘ಸಾಧ್ವಿ’ಯೂ ಹೊರಟಿತು. ಸಭೆಯಲ್ಲಿ ಕೇಳಿದ್ದನ್ನು ಪತ್ರಿಕೆಯಲ್ಲಿಯೂ ಕೇಳಿದರು. ಪ್ರಬಲರಾದ ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತವನ್ನು ಟೀಕಿಸುವುದಕ್ಕೂ ಅವರ ಲೇಖನಿ ಅಳುಕಲಿಲ್ಲ.

ಪರೀಕ್ಷೆಯ ಕಾಲ 1908ರಲ್ಲಿ ಬಂದಿತು. ದಿವಾನ್ ವಿ. ಪಿ. ಮಾಧವರಾಯರ ಸರ್ಕಾರ ಪತ್ರಿಕಾ ನಿಬಂಧನೆಯನ್ನು ಜಾರಿಗೆ ತಂದಿತು. ಸರ್ಕಾರದ ಅಪ್ಪಣೆಯಿಲ್ಲದೆ ಪತ್ರಿಕೆ ನಡೆಸುವಂತಿಲ್ಲ. ಕೊಟ್ಟ ಅಪ್ಪಣೆಯನ್ನು ಸರ್ಕಾರ ಹಿಂತೆಗೆದುಕೊಳ್ಳಬಹುದು. ಅರವತ್ತನಾಲ್ಕರ ವಯಸ್ಸಿನಲ್ಲಿ ತಾತಯ್ಯನವರ ಮುಂದೆ ಎರಡೇ ದಾರಿಗಳಿದ್ದುವು. ಅಪ್ಪಣೆ ಪಡೆದು, ಅಳೆದು ಸುರಿದು ಬರೆಯಬಹುದಾಗಿತ್ತು. ಅವರು ಪತ್ರಿಕೆಗಳನ್ನೇ ನಿಲ್ಲಿಸಿದರು. ಎರಡು ದಶಕಗಳಿಗೂ ಮಿಕ್ಕಿ ಬೆಳೆಸಿದ್ದನ್ನು ಸ್ವಂತ ಕೈಯಿಂದ ಮುಚ್ಚುವುದು ಸುಲಭದ ಮಾತಲ್ಲ. ಆದರೆ ಅನುಮತಿ ಬೇಡಿ ಕೇಳುವ ಪ್ರಶ್ನೆ ಪ್ರಶ್ನೆಯಲ್ಲವೆಂಬುದು ಅವರ ನಿಲುವಾಗಿತ್ತು.

ಅರಮನೆಯೂ ಅವರ ಸೇವೆಯನ್ನು ಮನ್ನಿಸಿತು. ‘ದಯಾಸಾಗರ’ ಎಂಬ ಬಿರುದು ಸಂದಿತು. 1933ರಲ್ಲಿ ಅವರು ತೀರಿಕೊಂಡರು. ಅಷ್ಟರಲ್ಲಿ ಕಾಲ ಸರಿದಿತ್ತು. 1891ರಲ್ಲಿ ಸಭೆಗೆ ಚುನಾವಣೆ ಬಂದಿತ್ತು. 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಹುಟ್ಟಿತ್ತು. 1949ರಲ್ಲಿ ಹಳೆಯ ಸಭೆ ಕೊನೆಗೊಂಡಿತು.

ಇಂದು ಅರಕಲಗೂಡಿನವರೂ ಹೊಳೆನರಸೀಪುರದವರೂ ಚನ್ನರಾಯಪಟ್ಟಣದವರೂ ಸ್ವಂತ ಮತದಿಂದ ಶಾಸಕರನ್ನು ಆರಿಸಿ ಕಳುಹಿಸುತ್ತಾರೆ. ತಾತಯ್ಯನವರಿಗೆ ಎಂದೂ ದೊರೆಯದ ಅಧಿಕಾರ ಆ ಶಾಸಕರಿಗಿದೆ. ಒಡೆದ ಕೆರೆಯ ವಿಷಯವನ್ನು ಅವರು ಎದ್ದುನಿಂತು ಕೇಳಿದರೇ ಎಂದು ವಿಚಾರಿಸುವ ಕೆಲಸ ಮಾತ್ರ ಕಳುಹಿಸಿದವರಿಗೇ ಉಳಿದಿದೆ.