ಪಾಲಕ್ ಬೀಜದ ಕಿಟ್ಟು ಮತ್ತು ಗುಳೆ ಹೋದ ಮನೆ

ಹಳ್ಳಿಗಳಿಗೆ ತರಕಾರಿ ಬೀಜದ ಕಿಟ್ ಹಂಚೋದು ಈಗ ನಮ್ಮ ಕಂಪನಿಗಳ ಸಿಎಸ್‌ಆರ್ ಫ್ಯಾಷನ್. ಪಾಲಕ್, ಮೂಲಂಗಿ, ಟೊಮೆಟೊ, ಜೊತೆಗೆ ಟೀ ಶರ್ಟ್ ಹಾಕ್ಕೊಂಡು ಒಂದು ಗ್ರೂಪ್ ಫೋಟೊ. ರಾಯಚೂರು ಜಿಲ್ಲೆಗೂ ಅದೇ ಕಿಟ್ಟು, ಕೊಡಗಿಗೂ ಅದೇ ಕಿಟ್ಟು.

ಒಂದೇ ಪ್ರಶ್ನೆ. ಆ ಗಿಡಕ್ಕೆ ದಿನಾ ನೀರು ಹಾಕೋರು ಯಾರು? ಸುಗ್ಗಿ ಮುಗೀತಿದ್ದಂಗೆ ದೇವದುರ್ಗದ ಕಡೆಯ ಎಷ್ಟೋ ಮನೆಗಳ ದುಡಿಯೋ ಜನ ಗುಳೆ ಹೋಗ್ತಾರೆ. ಎಲ್ಲಿಗೆ? ನಾವು ಇಎಂಐ ಕಟ್ತಿರೋ ಅಪಾರ್ಟ್‌ಮೆಂಟುಗಳಿಗೆ ಇಟ್ಟಿಗೆ ಹೊರೋಕೆ. ಊರಲ್ಲಿ ಉಳಿಯೋದು ಮುದುಕರು, ಮಕ್ಕಳು. 42 ಡಿಗ್ರಿ ಬಿಸಿಲಲ್ಲಿ ಪಾಲಕ್ ಬದುಕಿಸೋಕೆ ಒಬ್ಬ ಅಜ್ಜಿ ಎಷ್ಟು ಕೊಡ ಹೊರಬೇಕು ಸ್ವಾಮಿ?

ಚಳಿ ದೇಶದವರನ್ನು ನೋಡಿ. ಜಪಾನಿನ ಹೊಕ್ಕೈಡೊದಲ್ಲಿ ನಾಗಾಯಿಮೊ ಅನ್ನೋ ಗೆಣಸಿನ ಬಳ್ಳಿ ಬೆಳೀತಾರೆ. ಚಳಿ ಬಂದಾಗ ಬಳ್ಳಿ ಒಣಗುತ್ತೆ, ಗೆಡ್ಡೆ ನೆಲದೊಳಗೆ ಮಲಗುತ್ತೆ. ಸ್ವಲ್ಪ ಆಗಲೇ ಅಗೀತಾರೆ, ಉಳಿದದ್ದನ್ನು ಹಿಮ ಕರಗಿದ ಮೇಲೆ. ತೋಟಕ್ಕೆ ಯಾವ ತಿಂಗಳು ಕಷ್ಟವೋ ಆ ತಿಂಗಳು ನಿದ್ದೆ ಹೊಡೆಯೋ ಗಿಡ ಅದು. ನಾವು ಚಳಿ ದೇಶಗಳಿಂದ ಕೇಲ್, ಲೆಟ್ಯೂಸ್ ತಂದ್ವಿ, ಈ ಲೆಕ್ಕಾಚಾರ ಮಾತ್ರ ಅಲ್ಲೇ ಬಿಟ್ಟು ಬಂದ್ವಿ.

ನಮ್ಮ ಕಷ್ಟಕಾಲ ಹಿಮದ್ದಲ್ಲ, ಏಪ್ರಿಲ್-ಮೇ ಬಿಸಿಲಿನದು. ಬಿಸಿಲಿಗೆ ಮಲಗೋ ಬಳ್ಳಿ ನಮ್ಮಲ್ಲೇ ಐತಿ: ಹೆಗ್ಗೆಣಸು, ನಾಗಾಯಿಮೊದ ಹತ್ತಿರದ ನೆಂಟ. ಕರಾವಳಿ, ಮಲೆನಾಡಿನವರಿಗೆ ಚೆನ್ನಾಗಿ ಗೊತ್ತು, ಜೋಯಿಡಾದಲ್ಲಂತೂ ಗೆಡ್ಡೆ-ಗೆಣಸಿನ ಮೇಳವೇ ನಡೆಯುತ್ತೆ. ರಾಯಚೂರಲ್ಲಿ ಗೆಣಸು ಅಂದ್ರೆ ಶಿವರಾತ್ರಿಗೆ ಕುದಿಸೋ ಸಿಹಿಗೆಣಸು, ಅಷ್ಟೆ.

'ಅದು ನಮ್ಮ ಸೀಮೆ ಬೆಳೆ ಅಲ್ರೀ' ಅಂತ ಯಾರಾದ್ರೂ ಅನ್ನೋದು ಖಚಿತ. ತುಂಗಭದ್ರಾ ಎಡದಂಡೆ ಕಾಲುವೆ ಬರೋಕೆ ಮುಂಚೆ ಮಾನ್ವಿ ಭತ್ತದ ಸೀಮೆ ಆಗಿತ್ತಾ? ಮೆಣಸಿನಕಾಯಿ ಅಮೆರಿಕ ಖಂಡದ್ದು, ಅದನ್ನ ಬಿಟ್ಟು ಒಂದು ಹೊತ್ತು ಉಂಡು ತೋರಿಸಿ.

ನಿಜವಾದ ತಕರಾರು ಮಣ್ಣಿನದು. ಎರೆಮಣ್ಣಲ್ಲಿ ನೀರು ನಿಂತರೆ ಗೆಡ್ಡೆ ಕೊಳೆಯುತ್ತೆ, ಒಣಗಿದರೆ ಅಗೆಯೋಕೆ ಹಾರೆನೇ ಬೇಕು. ಅದಕ್ಕೆ ಒಂದೂವರೆ ಅಡಿ ಗುಂಡಿಗೆ ಮರಳು, ಗೊಬ್ಬರ, ಮಣ್ಣು ತುಂಬಿ ಮೇಲೆ ದಿಬ್ಬ ಮಾಡಬೇಕು, ಇಲ್ಲಾ ಹಳೇ ಸಿಮೆಂಟ್ ಚೀಲ ಆದೀತು. ಮುಂಗಾರಿಗೆ 250 ಗ್ರಾಂ ತುಂಡು ನೆಟ್ಟು ಗೋಡೆಗೋ ಬೇವಿನ ಮರಕ್ಕೋ ಹಬ್ಬಿಸಿದರೆ 8-9 ತಿಂಗಳಿಗೆ ಬಳ್ಳಿ ಒಣಗುತ್ತೆ. ಮಳೆ ಕೈಕೊಟ್ಟ ವರ್ಷ ನೀರು ಬೇಕು, ಇಳುವರಿ ಕೇರಳದಷ್ಟು ಬರಲ್ಲ. ಆದರೆ ಅಗೆದ ಗೆಡ್ಡೆ ನೆರಳಲ್ಲಿಟ್ಟರೆ ವಾರಗಟ್ಟಲೆ ಕೆಡಲ್ಲ. ಅಜ್ಜಿ ಬೇಕಾದಷ್ಟು ಕೊಯ್ದು ಮೊಮ್ಮಕ್ಕಳಿಗೆ ಬೇಯಿಸಿ ಹಾಕಬಹುದು. ಒಂದು ತುಂಡು ಮುಂದಿನ ಮಳೆಗೆ ಬೀಜ, ಪೊಟ್ಟಣಕ್ಕೆ ಕೈಚಾಚೋ ಹಾಗಿಲ್ಲ. (ಕಾಡುಗೆಣಸಿನ ಕೆಲವು ಜಾತಿ ವಿಷ, ಗೊತ್ತಿಲ್ಲದ್ದನ್ನು ತಿನ್ನಬೇಡಿ.)

ಇದರಿಂದ ಗುಳೆ ನಿಲ್ಲಲ್ಲ. ಅದು ನಿಲ್ಲಬೇಕಾದರೆ ಊರಲ್ಲಿ ಕೂಲಿ ಬೇಕು, ಅದು ಬೇರೆ ಜಗಳ. ಬೀಜಗೆಡ್ಡೆಗೆ ತಿರುವನಂತಪುರದಲ್ಲಿ ಕೇಂದ್ರ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ 1963ರಿಂದ ಇದೆ, ಶ್ರೀ ಕೀರ್ತಿ, ಶ್ರೀ ರೂಪಾ ಅಂತ ಹೆಗ್ಗೆಣಸಿನ ತಳಿಗಳನ್ನೇ ಕೊಟ್ಟಿದೆ. ಪರೀಕ್ಷೆ ಮಾಡಿ ನೋಡೋಕೆ ರಾಯಚೂರಲ್ಲೇ ಕೃಷಿ ವಿಶ್ವವಿದ್ಯಾಲಯ ಇದೆ. ನಿಮ್ಮ ಸಿಎಸ್‌ಆರ್ ಮೀಟಿಂಗಿನಲ್ಲಿ ಮುಂದಿನ ಸಲ ಪಾಲಕ್ ಕಿಟ್ಟಿನ ಸ್ಲೈಡು ಬಂದಾಗ ಕೈ ಎತ್ತಿ ಕೇಳಿ: ಮಾರ್ಚ್‌ನಲ್ಲಿ ಇದಕ್ಕೆ ನೀರು ಯಾರು ಹಾಕ್ತಾರೆ?